ತುಂಬಿದ ಸಂಪು, ಒಣಗಿದ ಹೋಸು

ಹೋಸಿನ ಬಾಯಿಂದ ಮೊದಲು ಒಂದು ನಿಟ್ಟುಸಿರು ಬಂತು. ಆಮೇಲೆ ಎರಡು ಕೆಮ್ಮು. ಆಮೇಲೆ ಏನೂ ಬರಲಿಲ್ಲ.

ಮೂರನೆಯ ಮಹಡಿಯ ಕಿಟಕಿಯಲ್ಲಿ ಪೈಲ್ವಾನ ಕಾಲು ಅಗಲಿಸಿ ನಿಂತಿದ್ದ. ಅಗ್ನಿಶಾಮಕ ಠಾಣೆಯಲ್ಲಿ ಹೋಸು ಹಿಡಿಯುವುದಕ್ಕೆ ಅವನೇ ಸೈ. ನೀರು ನುಗ್ಗಿದರೆ ಆ ಕೊಳವೆ ಗೂಳಿಯಂತೆ ಹಿಂದಕ್ಕೆ ತಳ್ಳುತ್ತದೆ. ಅದಕ್ಕೆಂದೇ ಹಲ್ಲು ಕಚ್ಚಿ, ಮೈಭಾರವನ್ನೆಲ್ಲ ಮುಂದಕ್ಕೆ ಹಾಕಿದ್ದ. ಗೂಳಿ ಬರಲೇ ಇಲ್ಲ. ಪೈಲ್ವಾನ ಮುಗ್ಗರಿಸಿ ಕಿಟಕಿಯ ಸರಳುಗಳನ್ನು ತಬ್ಬಿಕೊಂಡ. ಹಿಂದೆ ಸಾಲಾಗಿ ನಿಂತಿದ್ದ ಹೊಲಿಗೆಯ ಹೆಂಗಸರು ಕಿಸಕ್ಕನೆ ನಕ್ಕರು.

ಕೆಳಗೆ ಅಂಗಳದಲ್ಲಿ ನಿಂತಿದ್ದ ಬಕೆಟ್ ಮೇಡಂ ನಗಲಿಲ್ಲ.

ಆಕೆ ಆ ವಲಯಕ್ಕೆ ಹೊಸದಾಗಿ ಬಂದ ಅಗ್ನಿಶಾಮಕ ತಪಾಸಣಾಧಿಕಾರಿ. ಯಾವ ಕಟ್ಟಡಕ್ಕೆ ಹೋದರೂ ಮೊದಲು ಒಂದು ಬಕೆಟ್ ಕೇಳುವುದು ಆಕೆಯ ಚಾಳಿ. ನಲ್ಲಿಯ ಕೆಳಗಿಟ್ಟು, ತುಂಬಲು ಎಷ್ಟು ಹೊತ್ತು ಹಿಡಿಯಿತೆಂದು ಕೈಗಡಿಯಾರ ನೋಡಿ, ಆ ಕಟ್ಟಡಕ್ಕೆ ಬರುವ ನೀರು ಬೆಂಕಿಗೆ ಸಾಕೋ ಸಾಲದೋ ಹೇಳಿಬಿಡುತ್ತಿದ್ದಳು. ಠಾಣೆಯವರು ಬೆನ್ನ ಹಿಂದೆ ಇಟ್ಟ ಹೆಸರು ಅದು. ಆಕೆಗೂ ಗೊತ್ತಿತ್ತು. ಇದಕ್ಕಿಂತ ಕೆಟ್ಟದ್ದನ್ನು ಇಡಬಹುದಿತ್ತು ಎಂದುಕೊಂಡು ಸುಮ್ಮನಿದ್ದಳು.

ಅದು ಸಿದ್ಧ ಉಡುಪಿನ ಕಾರ್ಖಾನೆ. ನೆಲಮಾಳಿಗೆಯಲ್ಲಿ ಬಟ್ಟೆ ಕತ್ತರಿಸುತ್ತಾರೆ, ಮೇಲಿನ ಮೂರು ಮಹಡಿಗಳಲ್ಲಿ ಹೊಲಿಯುತ್ತಾರೆ. ಮುನ್ನೂರು ಹೆಂಗಸರು. ಇಷ್ಟು ವರ್ಷ ಅಲ್ಲಿ ಬೆಂಕಿಯ ಡ್ರಿಲ್ ನಡೆದದ್ದು ನೀರಿಲ್ಲದೆ. ನೀರು ಬಿಟ್ಟರೆ ಬಟ್ಟೆ ನೆನೆಯುತ್ತದಲ್ಲ! ಹೋಸು ಬಿಚ್ಚುವುದು, ಫೋಟೋ ತೆಗೆಯುವುದು, ಹೋಸು ಸುತ್ತುವುದು, ಕಾಫಿ ಕುಡಿಯುವುದು. ಈ ಸಲ ಬಕೆಟ್ ಮೇಡಂ ಹಿಂದಿನ ದಿನವೇ ಹೇಳಿಕಳಿಸಿ ಹಟ ಹಿಡಿದಳು. ನೀರು ಬಿಡಲೇಬೇಕು, ಕಿಟಕಿಯಿಂದ ಅಂಗಳಕ್ಕೆ ಬೀಳಲೇಬೇಕು, ನಾನು ಒದ್ದೆಯಾಗಲೇಬೇಕು.

ಆಕೆಯ ಸಮವಸ್ತ್ರ ಇಸ್ತ್ರಿ ಮುರಿಯದೆ ಉಳಿದಿತ್ತು.

"ಕಳ್ಳತನ!" ಎಂದು ಕೂಗಿದವನು ಭಾಮೈದ. ಕಾರ್ಖಾನೆಯ ಯಜಮಾನರ ಹೆಂಡತಿಯ ತಮ್ಮ. ಆ ಒಂದೇ ಅರ್ಹತೆಯ ಮೇಲೆ ಮ್ಯಾನೇಜರು. "ಭಾವ, ನಮ್ಮ ಸಂಪಲ್ಲಿದ್ದ ನೀರನ್ನ ಯಾರೋ ಕದ್ದಿದಾರೆ! ಆ ಪಕ್ಕದ ಲಾಂಡ್ರಿಯವಳೇ ಇರಬೇಕು!"

ಯಜಮಾನರು ಅವನತ್ತ ತಿರುಗಿ ನೋಡಿದ ನೋಟಕ್ಕೆ ಹಸಿ ಗೋಡೆ ಒಣಗಬೇಕು. ಆದರೆ ಮಾತು ಆಗಲೇ ಕಾಂಪೌಂಡ್ ದಾಟಿತ್ತು. ಗೋಡೆಯ ಮೇಲೆ ಲಾಂಡ್ರಿ ಅಕ್ಕನ ತಲೆ ಮೂಡಿತು, ಅದರ ಹಿಂದೆ ಸೋಪಿನ ನೊರೆ ಹತ್ತಿದ ಎರಡು ಕೈ.

"ಯಾರೋ ಅದು ನನ್ನ ಹೆಸರು ಎತ್ತಿದ್ದು? ನಿನ್ನ ನೀರು ಕದಿಯೋ ಗತಿ ನನಗೆ ಬಂದಿಲ್ಲ, ಟ್ಯಾಂಕರ್ ತರಿಸ್ತೀನಿ! ನಿನ್ನ ಅಂಗಿ ಕಾಲರ್ ತೊಳೆಯೋಕೇ ಮೂರು ನೀರು ಬೇಕು ನನಗೆ. ಮೊದಲನೇ ಸಲ ಹೊರಗೆ ಬರೋದನ್ನ ನೀರು ಅಂತ ಕರೆಯೋಕೂ ಆಗಲ್ಲ!"

ಮೂರನೆಯ ಮಹಡಿಯಿಂದ ಚಪ್ಪಾಳೆ ಬಿತ್ತು.

"ಸಾಕು," ಎಂದರು ಯಜಮಾನರು. ಬೆಣ್ಣೆಯಂಥ ದನಿ. "ಮೇಡಂ, ನಮ್ಮ ಹುಡುಗನಿಗೆ ಗಾಬರಿ. ನೀರು ಎಲ್ಲಿಗೂ ಹೋಗಿಲ್ಲ. ಏಯ್, ಮುಚ್ಚಳ ತೆಗಿಯೋ."

ಅಂಗಳದ ನಡುವೆ, ನೆಲದಡಿಯಲ್ಲಿ, ಸಂಪು. ಅದರ ಕಬ್ಬಿಣದ ಮುಚ್ಚಳಕ್ಕೆ ಬೀಗ. ಬೀಗದ ಕೈ ಭಾಮೈದನ ಸೊಂಟದಲ್ಲಿ. ಮುಚ್ಚಳ ಕಿರ್ರೆಂದು ಎದ್ದಿತು. ಅಂಚಿನವರೆಗೆ ನೀರು. ಅದರಲ್ಲಿ ಆಕಾಶವೂ ಯಜಮಾನರ ಮೂಗೂ ತೇಲುತ್ತಿದ್ದವು.

"ಒಂದು ಲಕ್ಷ ಲೀಟರ್," ಎಂದರು. "ನಿಮ್ಮ ದೊಡ್ಡ ಸಾಹೇಬರು ಪ್ರತಿ ವರ್ಷ ಇದೇ ಮುಚ್ಚಳ ತೆಗೆಸಿ, ಇದೇ ನೀರು ನೋಡಿ, ಸಹಿ ಹಾಕಿದಾರೆ. ನೀರಿದೆ. ಪಂಪೂ ಓಡ್ತಿದೆ, ಸದ್ದು ಕೇಳ್ತಿದೆ. ಹೋಸಿಗೆ ಮಾತ್ರ ಬರ್ತಿಲ್ಲ. ಅಂದ್ರೆ ನಡುವೆ ಯಾರೋ ಕೈ ಆಡಿಸಿದಾರೆ. ನಡುವೆ ಇರೋನು ಒಬ್ಬನೇ."

ಅವರ ಬೆರಳು ಪಂಪ್ ಕೋಣೆಯ ಬಾಗಿಲಿಗೆ ನೆಟ್ಟಿತು. ಅಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದವನು ಪಂಪಣ್ಣ. ನರೆತ ಮೀಸೆ, ಎಣ್ಣೆ ಕಲೆಯ ಅಂಗಿ.

"ನಾನಾ?" ಎಂದ.

"ಪೊಲೀಸರಿಗೆ ಹೇಳಿದ್ದಾಗಿದೆ. ದಫೇದಾರ್ರು ಊಟ ಮುಗಿಸ್ಕೊಂಡು ಬರ್ತಾರೆ. ಬೇಕು ಅಂತಲೇ ಪಂಪು ಕೆಡಿಸಿದಾನೆ ಅಂತ ಮೇಡಂ ಬರೆದುಕೊಟ್ರೆ ಉಳಿದದ್ದು ಅವರು ನೋಡ್ಕೋತಾರೆ."

ಮೇಲಿನ ಕಿಟಕಿಯಿಂದ ಒಂದು ಹೆಣ್ಣುದನಿ ಸೀಳಿಕೊಂಡು ಬಂತು. "ಅಪ್ಪಾ! ಏನಂತೆ ಅವರದು?"

"ನಾನು ಪಂಪು ಕೆಡಿಸಿದ್ದೀನಂತೆ!"

"ನಾನು ಇಲ್ಲಿ ಮೇಲೆ ಕೂತು ಹೊಲೀತಿರೋವಾಗ ನೀನು ಯಾಕಪ್ಪ ಕೆಡಿಸ್ತೀಯ?"

"ಅದನ್ನ ಅವರಿಗೆ ಹೇಳಮ್ಮ!"

"ಹೇಳ್ತಿರೋದು ಅವರಿಗೇ!"

*

ಪಂಪ್ ಕೋಣೆಗೆ ಇಳಿಯುವ ಮೆಟ್ಟಿಲ ಮೇಲೆಯೇ ಬಕೆಟ್ ಮೇಡಂ ಫೋನು ಬಡಿದುಕೊಂಡಿತು. ದೊಡ್ಡ ಸಾಹೇಬರು. ಸುದ್ದಿ ಹೋಸಿನ ನೀರಿಗಿಂತ ಬೇಗ ತಲುಪಿತ್ತು.

"ಏನಮ್ಮಾ ಅದು ರಗಳೆ? ಪಂಪಿನವನದೇ ಕಿತಾಪತಿ ಅಂತ ಎರಡು ಸಾಲು ಗೀಚಿ ಮುಗಿಸು."

"ಸರ್, ಸಂಪಲ್ಲಿ ಎಷ್ಟು ನೀರಿದೆ ಅಂತ ನೋಡಬೇಕು."

"ನಾನೇ ನೋಡಿದ್ದೀನಲ್ಲ. ತುಂಬಿತ್ತು."

"ಎಷ್ಟಿತ್ತು ಸರ್?"

"ತುಂಬಿತ್ತು ಅಂದ್ನಲ್ಲಮ್ಮ!"

"ತುಂಬಿತ್ತು ಸರ್. ಎಷ್ಟಿತ್ತು?"

ಫೋನು ಕಟ್ಟಾಯಿತು.

ಇಲಾಖೆಯ ತಪಾಸಣೆಯೇ ಹಾಗೆ. ನಮೂನೆಯಲ್ಲಿ ಕೇಳುವುದು 'ನೀರು ಇದೆಯೇ?' ಎಂದು. ಮುಚ್ಚಳ ತೆಗೆ, ಬಗ್ಗು, ನಿನ್ನ ಮುಖ ಕಂಡರೆ 'ಇದೆ' ಎಂದು ಗುರುತು ಹಾಕು. ಎಷ್ಟಿದೆ ಎಂದು ಕೇಳುವ ಖಾನೆಯೇ ಅದರಲ್ಲಿಲ್ಲ. ತಲೆಮಾರುಗಳ ಅಧಿಕಾರಿಗಳು ಸಂಪುಗಳಲ್ಲಿ ತಮ್ಮ ಮುಖ ನೋಡಿಕೊಂಡು, ಕ್ರಾಪು ಸರಿಮಾಡಿಕೊಂಡು ಬಂದಿದ್ದರು.

ಪಂಪ್ ಕೋಣೆ ಸಂಪಿಗಿಂತ ತಗ್ಗಿನಲ್ಲಿತ್ತು. ಗೋಡೆಯಾಚೆಯ ಸಂಪಿನ ತಳದಿಂದ ದಪ್ಪ ಪೈಪೊಂದು ಬಂದು, ವಾಲ್ವ್ ದಾಟಿ, ಒಂದು ಜಾಲರಿ ಡಬ್ಬಿ ಹೊಕ್ಕು, ಪಂಪಿಗೆ ಸೇರುತ್ತಿತ್ತು. ನೀರಿನಲ್ಲಿ ಕಸ ಬಂದರೆ ಆ ಡಬ್ಬಿಯಲ್ಲಿ ಸಿಕ್ಕಿಕೊಳ್ಳಬೇಕು.

"ಅಷ್ಟಕ್ಕೂ ಮೇಡಂ," ಯಜಮಾನರು ಕರವಸ್ತ್ರದಿಂದ ಮೆಟ್ಟಿಲ ಕಂಬಿ ಒರೆಸಿ ಹಿಡಿದುಕೊಂಡರು, "ಇವತ್ತಿನವರೆಗೂ ಇಲ್ಲಿ ಬೆಂಕಿ ಬಿದ್ದಿಲ್ಲ. ಆದ್ರೂ ಒಂದು ಲಕ್ಷ ಲೀಟರ್ ಕೂಡಿಟ್ಕೊಂಡು ಕೂತಿದೀವಿ. ಯಾವ ಪುಣ್ಯಾತ್ಮ ಹಾಕಿದ ಲೆಕ್ಕ ಇದು?"

"ನಾವೇ. ಬೆಂಕಿ ನಿಮ್ಮ ಕಟ್ಟಡದ ಅಂದ ನೋಡಲ್ಲ. ಒಳಗೆ ತಿನ್ನೋಕೆ ಏನಿದೆ, ಎಷ್ಟಿದೆ ಅಂತ ನೋಡುತ್ತೆ. ಕಬ್ಬಿಣದ ಅಂಗಡಿ ಆಗಿದ್ರೆ ಇದರಲ್ಲಿ ಕಾಲುಭಾಗ ಸಾಕಿತ್ತು. ನಿಮ್ಮದು ಬಟ್ಟೆ, ದಾರ, ಸ್ಪಂಜು. ಒಂದು ಹೋಸು ನಿಮಿಷಕ್ಕೆ ಎರಡು ಡ್ರಮ್ ನೀರು ಕುಡಿಯುತ್ತೆ. ಇಲ್ಲಿಗೆ ಎರಡು ಹೋಸಾದ್ರೂ ಬೇಕು. ಎರಡು ಗಂಟೆಯಾದ್ರೂ ಬಿಡಬೇಕು. ಗುಣಿಸಿ ನೋಡಿ."

ಯಜಮಾನರು ಗುಣಿಸಲಿಲ್ಲ. ಅವರಿಗೆ ಬೇರೆ ಗುಣಾಕಾರಗಳಷ್ಟೇ ರೂಢಿ.

"ವಾಲ್ವ್?" ಎಂದಳು ಮೇಡಂ.

"ಪೂರ್ತಿ ತೆಗೆದೇ ಇದೆ," ಎಂದ ಪಂಪಣ್ಣ. ತಿರುಗಿಸಿ ತೋರಿಸಿದ. ನಿಜವಿತ್ತು.

"ವಾರವಾರ ಪಂಪು ಓಡಿಸಿ ನೋಡಲ್ವಾ?"

"ಗುರ್ ಅನ್ನಿಸಿ ನಿಲ್ಲಿಸು, ಹೋಸು ಮುಟ್ಟಬೇಡ ಅಂತ ಅಪ್ಪಣೆ ಮೇಡಂ. ಬಟ್ಟೆ ಒದ್ದೆಯಾಗುತ್ತಂತೆ."

"ಹಿಂದೆ ಯಾವತ್ತಾದ್ರೂ ಇದರಲ್ಲಿ ನೀರು ಬಂದದ್ದು ನೋಡಿದ್ದೀಯಾ?"

"ಬರ್ತಿತ್ತು. ಸಂಪಿನ ರಿಪೇರಿ ಆಗೋವರೆಗೆ ಬರ್ತಿತ್ತು. ಸಂಪು ಸೋರ್ತಿದೆ, ಒಳಗೆ ಗಾರೆ ಮಾಡಿಸ್ಬೇಕು ಅಂತ ನನಗೆ ರಜೆ ಕೊಟ್ಟು ಕಳಿಸಿದ್ರು. ಕೇಳದೇ ಕೊಟ್ಟ ರಜೆ ಅದೊಂದೇ."

"ಜಾಲರಿ ಡಬ್ಬಿ ತೆಗಿ."

ಪಂಪಣ್ಣ ಮೊದಲು ವಾಲ್ವ್ ಮುಚ್ಚಲು ಹೋದ. ಆಕೆ ತಡೆದಳು. "ತೆಗೆದೇ ಇರಲಿ."

"ಮೇಡಂ, ಒಂದು ಲಕ್ಷ ಲೀಟರ್ ಮುಖಕ್ಕೆ ಹೊಡೆಯುತ್ತೆ!"

"ಹೊಡೀಲಿ. ಬೆಳಿಗ್ಗೆಯಿಂದ ಒದ್ದೆಯಾಗೋಕೆ ಕಾಯ್ತಿದೀನಿ."

ಯಜಮಾನರು ಮೂರು ಮೆಟ್ಟಿಲು ಮೇಲೇರಿದರು. ಭಾಮೈದ ಏರಲಿಲ್ಲ, ಹಾಯಾಗಿ ಡಬ್ಬಿಯ ಎದುರಿಗೇ ನಿಂತಿದ್ದ. ಮೇಡಂ ಅದನ್ನು ಕಣ್ಣಂಚಿನಲ್ಲೇ ನೋಡಿದಳು.

ಪಂಪಣ್ಣ ಕಣ್ಣು ಮುಚ್ಚಿ, ಮುಖ ಪಕ್ಕಕ್ಕೆ ತಿರುಗಿಸಿ, ಕೊನೆಯ ಬೋಲ್ಟ್ ಬಿಚ್ಚಿದ. ಮುಚ್ಚಳ ಕಳಚಿತು. ಒಂದು ಹನಿ ನೀರು ಬರಲಿಲ್ಲ. ಬಂದದ್ದು ಇಲಿ.

ಸಣ್ಣ ಇಲಿಯಲ್ಲ. ಬಾಡಿಗೆ ಕೊಡದೆ ಹಾಯಾಗಿ ಬೆಳೆದ ಹೆಗ್ಗಣದಂಥ ಇಲಿ. ಅದು ಭಾಮೈದನ ಬೂಟಿನ ಮೇಲಿಂದ ಹಾರಿ, ಪ್ಯಾಂಟು ಹತ್ತಿ, ಮನಸ್ಸು ಬದಲಿಸಿ ಇಳಿಯಿತು. ಭಾಮೈದ ಮೋಟರಿನ ಮೇಲೇರಿ ನಿಂತು "ಅಕ್ಕಾ!" ಎಂದು ಕೂಗಿದ. ಅಕ್ಕ ಮನೆಯಲ್ಲಿದ್ದಳು.

ಡಬ್ಬಿಯ ತುಂಬ ಗೂಡು. ನೇರಳೆ ಬಣ್ಣದ ಬಟ್ಟೆಚೂರು, ನೇರಳೆ ದಾರ, ಹಿಂಜಿದ ನೇರಳೆ ನೂಲು. ನಡುವೆ ಕಣ್ಣು ಬಿಡದ ನಾಲ್ಕು ಮರಿಗಳು ಬೆಚ್ಚಗೆ ಮಲಗಿದ್ದವು.

"ನೋಡಿ!" ಯಜಮಾನರು ಮೆಟ್ಟಿಲಿಳಿದು ಬಂದರು. "ನಮ್ಮದೇ ಬಟ್ಟೆ ಕದ್ದು ಪೈಪಿಗೆ ತುರುಕಿದಾನೆ. ಸಾಕ್ಷಿ ಇಲ್ಲೇ ಇದೆ!"

ಮೇಡಂ ಒಂದು ಉದ್ದ ಕೋಲನ್ನು ಗೂಡಿನಾಚೆ ಪೈಪಿನೊಳಗೆ ತೂರಿಸಿದಳು. ಮೊಳ, ಎರಡು ಮೊಳ, ತೋಳು ಭುಜದವರೆಗೆ. ಹೊರಗೆಳೆದಳು. ಕೋಲು ಒಣಗಿತ್ತು. ತುದಿಗೆ ಇನ್ನಷ್ಟು ನೇರಳೆ ನೂಲು.

"ಆ ತುದಿಗೂ ತುರುಕಿದಾನೆ!" ಎಂದರು ಯಜಮಾನರು.

"ನಾನು ತುರುಕಿದ್ರೆ ಇಲಿಮರಿ ಯಾರು ತುರುಕಿದ್ದು ಸ್ವಾಮಿ?" ಎಂದ ಪಂಪಣ್ಣ.

*

ಮೂರನೆಯ ಮಹಡಿ. ಯಂತ್ರಗಳು ನಿಂತಿದ್ದವು. ಮೇಡಂ ಕಾಗದದಲ್ಲಿ ಸುತ್ತಿ ತಂದ ನೇರಳೆ ಚೂರನ್ನು ಮೇಜಿನ ಮೇಲೆ ಬಿಚ್ಚಿದಳು. ಹೆಂಗಸರು ಮುತ್ತಿಕೊಂಡರು. ಎದುರಿಗೆ ಪಂಪಣ್ಣನ ಮಗಳು, ಕೊರಳಲ್ಲಿ ಅಳತೆಯ ಪಟ್ಟಿ, ಮೂಗಿನ ತುದಿಯಲ್ಲಿ ಸಿಟ್ಟು.

"ಈ ಬಟ್ಟೆ ಯಾವಾಗ ಹೊಲಿದದ್ದು?"

"ಹೊಲಿದೇ ಇಲ್ಲ," ಎಂದಳು ಮಗಳು. "ಅದು ಮುಂದಿನ ತಿಂಗಳ ಆರ್ಡರ್ ಮೇಡಂ. ಅಂಗೈ ಅಗಲದ ಮಾದರಿ ಮಾತ್ರ ತೋರಿಸಿದಾರೆ."

"ಹಾಗಾದ್ರೆ ಬಟ್ಟೆ ಸುರುಳಿಗಳು, ಥಾನುಗಳು ಎಲ್ಲಿವೆ?"

"ಯಾರಿಗೆ ಗೊತ್ತು! ಗೋದಾಮು ಖಾಲಿ ಮಾಡಿ ಬಹಳ ಕಾಲ ಆಯ್ತು, ಬಾಡಿಗೆ ದಂಡ ಅಂತ. ಯಾವತ್ತು ಯಾವುದು ಕತ್ತರಿಸ್ಬೇಕೋ ಅದು ಬೆಳಿಗ್ಗೆ ನಾವು ಬರೋ ಹೊತ್ತಿಗೆ ಕಟಿಂಗ್ ಹಾಲಲ್ಲಿ ಕೂತಿರುತ್ತೆ. ಲಾರಿ ಬಂದದ್ದು ಯಾರೂ ನೋಡಲ್ಲ. ಬಹುಶಃ ಮ್ಯಾನೇಜರು ಮೊಟ್ಟೆ ಇಡ್ತಾರೆ."

ನಗು ಎದ್ದಿತು. ಹಿಂದಿನಿಂದ ಯಾರೋ ಹೇಳಿದರು, "ಕಾವು ಕೊಡೋಕೆ ಅವರ ಅಕ್ಕ ಇದಾರಲ್ಲ!"

"ನಿಮ್ಮಪ್ಪನ ಮೇಲೆ ಇವರಿಗೆ ಯಾಕೆ ಕಣ್ಣು?"

ಮಗಳು ಕೋಣೆಯ ಆ ಕೊನೆಯನ್ನು ತೋರಿಸಿದಳು. ಹಿಂದಿನ ಮೆಟ್ಟಿಲಿನ ಬಾಗಿಲು. ಅದಕ್ಕೆ ಅಂಗೈ ಗಾತ್ರದ ಬೀಗ.

"ಬಟ್ಟೆ ಕದ್ದುಕೊಂಡು ಓಡ್ತೀವಂತೆ, ಅದಕ್ಕೆ ಬೀಗ. ಬೀಗ ತೆಗೀರಿ ಅಂತ ಅಪ್ಪ ಎಲ್ಲರೆದುರು ಕೇಳಿದ. ನಮ್ಮ ಪರವಾಗಿ ಕೇಳಿದ ಒಬ್ಬನೇ ಗಂಡಸು ಇಲ್ಲಿ ಅವನು." ಅಳತೆಯ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. "ಮೇಡಂ, ನೀವು ಬರೆದುಕೊಟ್ರೆ ಅವನನ್ನ ಕರ್ಕೊಂಡು ಹೋಗ್ತಾರಾ?"

"ಬರೆದುಕೊಟ್ರೆ, ಹೋಗ್ತಾರೆ."

"ಮತ್ತೆ?"

ಬಕೆಟ್ ಮೇಡಂ ಕಿಟಕಿಯಿಂದ ಕೆಳಗೆ ನೋಡಿದಳು. ಅಂಗಳದಲ್ಲಿ ಸಂಪಿನ ಮೇಲಿನ ಸಿಮೆಂಟು ಹಾಸು ಸ್ಪಷ್ಟವಾಗಿ ಕಾಣುತ್ತಿತ್ತು. ಎಂಟು ಮೀಟರ್ ಉದ್ದ, ಐದು ಮೀಟರ್ ಅಗಲ. ನಡುವೆ ಪುಟ್ಟ ಮುಚ್ಚಳ. ಇಷ್ಟು ದೊಡ್ಡ ಮೈಗೆ ಅಷ್ಟು ಸಣ್ಣ ಬಾಯಿ. ಸಂಪಿನ ಒಂದು ಪಕ್ಕ ಪಂಪ್ ಕೋಣೆ. ಇನ್ನೊಂದು ಪಕ್ಕ, ನೆಲದಡಿಯಲ್ಲಿ, ಕಟಿಂಗ್ ಹಾಲ್.

ಆಕೆ ಸಂಪಿನ ಆ ಪಕ್ಕ, ಈ ಪಕ್ಕ ಬೆರಳಿನಿಂದ ಅಳೆದಳು. ಆಮೇಲೆ ತಿರುಗಿದಳು.

"ಒಂದು ಬಕೆಟ್ ಇದೆಯಾ?"

*

ದಫೇದಾರರು ಬಂದರು. ಊಟ ಚೆನ್ನಾಗಿತ್ತೆಂದು ಅವರ ಬೆಲ್ಟೇ ಹೇಳುತ್ತಿತ್ತು. ಯಜಮಾನರು ಕುರ್ಚಿ ಹಾಕಿಸಿದರು. ಪಂಪಣ್ಣ ಕೈಕಟ್ಟಿ ನಿಂತ. ಹೆಂಗಸರೆಲ್ಲ ಮೂರು ಮಹಡಿಗಳಿಂದ ಇಳಿದು ಬಂದಿದ್ದರು. ಭಾಮೈದ "ಮೇಲೆ ಹೋಗ್ರಿ, ಮೇಲೆ ಹೋಗ್ರಿ" ಎನ್ನುತ್ತಿದ್ದ. ಕೋಳಿಗಳಾಗಿದ್ದರೂ ಅವನ ಮಾತು ಕೇಳುತ್ತಿರಲಿಲ್ಲ. ಲಾಂಡ್ರಿ ಅಕ್ಕ ಗೋಡೆಯ ಮೇಲೆ ಮೊಣಕೈ ಊರಿ ಜಾಗ ಹಿಡಿದಿದ್ದಳು.

"ಇವನೇನಾ ಆಸಾಮಿ?" ದಫೇದಾರರು ಕೇಳಿದರು. "ಮೇಡಂ, ನೀವು ಬರೆದುಕೊಟ್ರೆ ಹೊರಟೆ."

"ಬರೀತೀನಿ. ಅದಕ್ಕೆ ಮೊದಲು ನಿಮ್ಮ ಸಹಾಯ ಬೇಕು. ಸಂಪಿನ ನೀರಿನಲ್ಲಿ ಒಂದು ಬೆರಳು ಅದ್ದಿ."

"ನಾನಾ?"

"ತೋರುಬೆರಳು. ಅಂಚಿನಿಂದ ನೀರು ಎಷ್ಟು ಕೆಳಗಿದೆ ನೋಡ್ಕೊಳ್ಳಿ."

ದಫೇದಾರರು ಬೆಲ್ಟ್ ಒಂದು ತೂತು ಸಡಿಲಿಸಿ ಬಗ್ಗಿದರು. "ಅಂಚಿಗೇ ಇದೆ."

ಮೇಡಂ ಬಕೆಟ್ ಇಳಿಬಿಟ್ಟು ತುಂಬಿಸಿ ಮೇಲೆಳೆದಳು. ನೀರನ್ನು ಅಂಗಳಕ್ಕೆ ಚೆಲ್ಲಿದಳು. "ಈಗ?"

ದಫೇದಾರರು ಬೆರಳಿಟ್ಟರು. ಎರಡು ಬೆರಳಿಟ್ಟರು. ಕೈಯನ್ನೇ ಇಟ್ಟರು. "ನಾಲ್ಕು ಬೆರಳು ಇಳಿದಿದೆ."

"ಇನ್ನೊಂದು ಬಕೆಟ್." ಚೆಲ್ಲಿದಳು. "ಈಗ?"

"ಇನ್ನೂ ನಾಲ್ಕು ಬೆರಳು."

"ಅದರಲ್ಲೇನು ವಿಶೇಷ?" ಯಜಮಾನರು ನಕ್ಕರು. ನಗು ಅರ್ಧಕ್ಕೇ ನಿಂತಿತು. "ನೀರು ತೆಗೆದ್ರೆ ನೀರು ಇಳಿಯುತ್ತಪ್ಪ."

"ಇಳಿಯುತ್ತೆ. ಎಷ್ಟು ಇಳಿಯುತ್ತೆ ಅನ್ನೋದೇ ಪ್ರಶ್ನೆ." ಮೇಡಂ ಸಿಮೆಂಟು ಹಾಸಿನ ಆ ತುದಿಯಿಂದ ಈ ತುದಿಗೆ ನಡೆದು ತೋರಿಸಿದಳು. "ಇದು ಸಂಪಿನ ಉದ್ದ. ಅದು ಅಗಲ. ಇಷ್ಟು ಅಗಲದ ನೀರಿನಿಂದ ಒಂದು ಬಕೆಟ್ ತೆಗೆದ್ರೆ ಎಷ್ಟು ಇಳಿಯಬೇಕು ಗೊತ್ತಾ? ಕಾಗದದ ನಾಲ್ಕು ಹಾಳೆಯ ದಪ್ಪ. ಕಣ್ಣಿಗೂ ಕಾಣಬಾರದು. ಇಲ್ಲಿ ನಾಲ್ಕು ಬೆರಳು ಇಳೀತು. ಒಂದು ಬಕೆಟ್‌ಗೆ ನಾಲ್ಕು ಬೆರಳು ಇಳಿಯೋ ಪಾತ್ರೆ ಎಷ್ಟು ದೊಡ್ಡದಿರುತ್ತೆ? ಅಕ್ಕಾ, ನೀವು ಹೇಳಿ. ದಿನಾ ನೋಡೋರು ನೀವು."

"ಡ್ರಮ್ಮು," ಎಂದಳು ಲಾಂಡ್ರಿ ಅಕ್ಕ. ಹೇಳಿದ ಮೇಲೆ ತಾನೇ ಬಾಯಿ ಮುಚ್ಚಿಕೊಂಡಳು.

ಮೇಡಂ ಅಂಗಿಯ ತೋಳು ಮಡಚಿ, ಮುಚ್ಚಳದ ಬಾಯಿಯೊಳಗೆ ಕೈಯಿಳಿಸಿ, ನೀರಿನ ಪಕ್ಕಕ್ಕೆ ಬಡಿದಳು. ನೀರಿನ ಪಕ್ಕದಿಂದ ಡಬ್ ಡಬ್ ಎಂದು ಪ್ಲಾಸ್ಟಿಕ್ಕಿನ ಸದ್ದು ಬಂತು. ಒಳಗೆಲ್ಲ ಕಪ್ಪು ಬಣ್ಣ ಬಳಿದ, ಮುಚ್ಚಳದ ಬಾಯಿಗೆ ಸರಿಯಾಗಿ ಹೊಂದಿಸಿದ ಒಂದು ಡ್ರಮ್. ಅದರಲ್ಲಿ ಎಂಟು ಬೆರಳು ಇಳಿದ ನೀರು.

ದಫೇದಾರರು ತಮ್ಮ ಒದ್ದೆ ಬೆರಳನ್ನೇ ನೋಡಿಕೊಂಡರು.

"ಇಷ್ಟೇ," ಎಂದಳು. "ಮುಚ್ಚಳ ತೆಗೆದವರು ನೋಡಿದ್ದು ಇಷ್ಟನ್ನೇ. ಈ ಡ್ರಮ್ಮಿನ ಸುತ್ತ, ಕೆಳಗೆ, ಏನಿದೆ ಅಂತ ಈಗ ನೋಡೋಣ. ಕಟಿಂಗ್ ಹಾಲಿಗೆ ನಡೀರಿ."

ಭಾಮೈದ ಎಲ್ಲರಿಗಿಂತ ಮೊದಲು ಓಡಿದ. ಅವನು ಅಷ್ಟು ಚುರುಕಾಗಿ ಕೆಲಸದ ಜಾಗಕ್ಕೆ ಹೋದದ್ದನ್ನು ಯಾರೂ ಕಂಡಿರಲಿಲ್ಲ.

*

ಕಟಿಂಗ್ ಹಾಲಿನಲ್ಲಿ, ಸಂಪಿನ ಕಡೆಯ ಗೋಡೆಗೆ, ಆಳೆತ್ತರದ ಮರದ ಹಲಗೆ. ಅದರ ಮೇಲೆ ದೊಡ್ಡ ಕೆಂಪಕ್ಷರ: ನಿಮ್ಮ ಸುರಕ್ಷತೆಯೇ ನಮ್ಮ ಉಸಿರು. ಅದಕ್ಕೆ ಬೆನ್ನೊತ್ತಿ, ಎರಡೂ ಕೈ ಚಾಚಿ, ಭಾಮೈದ ಅಂಟಿಕೊಂಡು ನಿಂತಿದ್ದ.

"ಸರಿದು ನಿಲ್ಲಪ್ಪ," ಎಂದರು ದಫೇದಾರರು.

"ಇಲ್ಲ, ನನಗೆ ಇಲ್ಲೇ... ತಂಪಾಗಿದೆ."

"ತಂಪಿದ್ರೆ ನಾನೂ ಸ್ವಲ್ಪ ನಿಲ್ತೀನಿ." ಪೈಲ್ವಾನ ಅವನನ್ನು ಎರಡು ಕಂಕುಳಡಿ ಹಿಡಿದೆತ್ತಿ ಪಕ್ಕಕ್ಕಿಟ್ಟ. ಬೆಳಗಿನಿಂದ ಕೈಗೆ ಸಿಗದ ಗೂಳಿ ಕೊನೆಗೂ ಸಿಕ್ಕಿತ್ತು.

ಹಲಗೆಗೆ ಹಿಂದೆ ಕೀಲುಗಳಿದ್ದವು. ಸುರಕ್ಷತೆ ಕಿರ್ರೆಂದು ತೆರೆದುಕೊಂಡಿತು. ಅದರ ಹಿಂದೆ ಗೋಡೆ ಕೊರೆದು ಮಾಡಿದ ಬಾಗಿಲು. ಬಾಗಿಲಾಚೆ ಸಂಪು.

ಅದರಲ್ಲಿ ಒಂದು ಹನಿ ನೀರಿರಲಿಲ್ಲ. ತಳದಿಂದ ಚಾವಣಿಯವರೆಗೆ ಥಾನುಗಳು. ನೇರಳೆ, ಹಳದಿ, ಬಿಳಿ, ದಾರದ ಪೆಟ್ಟಿಗೆಗಳು, ಸ್ಪಂಜಿನ ಹಾಳೆಗಳು. ನಡುವೆ ಒಂದು ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ಗದ್ದುಗೆ ಏರಿದಂತೆ ಕೂತ ಡ್ರಮ್.

ಯಾರಿಗೂ ನಗು ಬರಲಿಲ್ಲ. ಬೆಂಕಿ ಆರಿಸಲು ನೀರಿರಬೇಕಾದ ಜಾಗದಲ್ಲಿ ಬೆಂಕಿಗೆ ಊಟ ಕೂಡಿಟ್ಟಿದ್ದರು. ಮೇಲೆ ಮುನ್ನೂರು ಜನ, ಹಿಂದಿನ ಬಾಗಿಲಿಗೆ ಬೀಗ, ಕಿಟಕಿಗೆ ಸರಳು.

"ಒಂದು ಡ್ರಮ್," ಎಂದಳು ಮೇಡಂ. ದನಿ ಏರಲಿಲ್ಲ. "ಎರಡು ಹೋಸು ಬಿಟ್ರೆ ಕಾಲು ನಿಮಿಷ ಬರುತ್ತೆ. ನಿಮ್ಮ ಮುನ್ನೂರು ಜನಕ್ಕೆ ನೀವು ಇಟ್ಟಿದ್ದ ನೀರು ಕಾಲು ನಿಮಿಷದ್ದು."

"ಇದೆಲ್ಲ ನನಗೆ ಗೊತ್ತೇ ಇಲ್ಲ!" ಯಜಮಾನರು ಎದೆಗೆ ಕೈಯಿಟ್ಟರು. "ಸಂಪಿನ ಬೀಗದ ಕೈ ಇವನ ಹತ್ರ. ಮ್ಯಾನೇಜರು ಇವನು. ಹೆಂಡತಿ ಮುಖ ನೋಡಿ ಇಟ್ಟುಕೊಂಡೆ, ಬೆನ್ನಿಗೆ ಚೂರಿ ಹಾಕಿದ!"

"ಭಾವ! ಡ್ರಮ್ಮಿನ ಉಪಾಯ ನಿಮ್ಮದೇ! ಅಕ್ಕನ ಆಣೆಗೂ ನಿಮ್ಮದೇ! ನಾನು ಬರೀ ಕಪ್ಪು ಬಣ್ಣ ಬಳಿದೆ!"

"ಇಬ್ಬರದೂ ಕೇಳಿಸ್ತು," ಎಂದಳು ಮೇಡಂ. "ದಫೇದಾರ್ರೇ, ಬರ್ಕೊಳ್ಳಿ. ಹೋಸಿನಿಂದ ನೀರು ಬರದಿದ್ದಾಗ ಯಾರಿಗಾದ್ರೂ ಮೊದಲು ಹೊಳೆಯೋದು ಪಂಪು ಕೆಟ್ಟಿದೆ ಅಂತ. ಈ ಮನುಷ್ಯ 'ಸಂಪಲ್ಲಿದ್ದ ನೀರು ಕದ್ದಿದಾರೆ' ಅಂತ ಕೂಗಿದ. ಸಂಪು ಖಾಲಿ ಅಂತ ಗೊತ್ತಿದ್ದವನಿಗೆ ಮಾತ್ರ ಆ ಮಾತು ಬರುತ್ತೆ. ಪಂಪ್ ಕೋಣೆಯಲ್ಲಿ ಡಬ್ಬಿ ಬಿಚ್ಚೋವಾಗ ನೀರು ನುಗ್ಗುತ್ತೆ ಅಂತ ಪಂಪಣ್ಣ ಕಣ್ಣು ಮುಚ್ಚಿದ. ಇವನು ಎದುರಿಗೇ ನಿಂತಿದ್ದ, ಇಸ್ತ್ರಿ ಪ್ಯಾಂಟಲ್ಲಿ. ಮತ್ತೆ ಆ ಇಲಿ. ನೀರು ತುಂಬಿರಬೇಕಾದ ಪೈಪಲ್ಲಿ ಇಲಿ ಬಾಣಂತನ ಮಾಡಲ್ಲ. ಅದು ಹಾಸಿದ್ದು ನೇರಳೆ ಬಟ್ಟೆ. ಹೊಲಿಯೋರ ಕೈಗೇ ಬರದ ಬಟ್ಟೆ ಪಂಪಣ್ಣನಿಗೆ ಎಲ್ಲಿಂದ ಸಿಗಬೇಕು? ಪೈಪಿನ ಆ ತುದಿಯಲ್ಲೇ ಥಾನುಗಳಿರಬೇಕು. ಪೈಪಿನ ಆ ತುದಿ ಅಂದ್ರೆ ಸಂಪು."

"ಎಲ್ಲ ಇವನದೇ," ಯಜಮಾನರು ಭಾಮೈದನನ್ನೇ ತೋರಿಸಿದರು. "ನಾನು ಬೆಳಿಗ್ಗೆ ಡ್ರಿಲ್ ನೋಡಿ ಆಘಾತವಾಗಿ ಪೊಲೀಸರಿಗೆ ಫೋನ್ ಮಾಡಿದೋನು!"

ದಫೇದಾರರು ಬರೆಯುವುದನ್ನು ನಿಲ್ಲಿಸಿ ತಲೆ ಕೆರೆದುಕೊಂಡರು. "ಡ್ರಿಲ್ ಇವತ್ತು ಬೆಳಿಗ್ಗೆನಾ?"

"ಮತ್ತೆ?"

"ನೀವು ಫೋನ್ ಮಾಡಿದ್ದು ನಿನ್ನೆ ಸಂಜೆಯಲ್ವಾ? 'ನಾಳೆ ಊಟ ಆದ್ಮೇಲೆ ಬನ್ನಿ, ಪಂಪು ಕೆಡಿಸಿದವನನ್ನ ಕರ್ಕೊಂಡು ಹೋಗೋದಿದೆ' ಅಂದ್ರಲ್ಲ. ಎಂಥ ಶಿಸ್ತಿನ ಮನುಷ್ಯ ಅಂತ ನಾನು ಮನೆಯಲ್ಲೂ ಹೇಳಿದೆ."

ಈಗ ನಗು ಬಂತು. ನೆಲಮಾಳಿಗೆ ಗುಡುಗಿತು. ಯಜಮಾನರು ಆ ನಗುವಿನ ನಡುವೆ ಕುಗ್ಗುತ್ತ ಹೋಗಿ, ಕತ್ತರಿಸುವ ಮೇಜಿನ ಅಂಚಿಗೆ ಕೂತರು. ಆಮೇಲೆ ಪಂಪಣ್ಣನತ್ತ ನೋಡಿ ದನಿಗೆ ಮತ್ತೆ ಬೆಣ್ಣೆ ಹಚ್ಚಿದರು.

"ಹೋಗಲಿ ಬಿಡಪ್ಪ. ಏನೋ ಆಯ್ತು. ನಿನ್ನ ಮೇಲಿನ ದೂರು ವಾಪಸ್ ತಗೋತೀನಿ. ನೀನು ನಮ್ಮ ಮನೆಯವನಿದ್ದ ಹಾಗೆ."

ಪಂಪಣ್ಣ ಥಾನುಗಳನ್ನು ನೋಡುತ್ತಿದ್ದ. ಅವನ ಮಗಳು ಅವನ ಪಕ್ಕಕ್ಕೆ ಬಂದು ನಿಂತಿದ್ದಳು.

"ನೀವು ವಾಪಸ್ ತಗೊಳ್ಳಿ," ಎಂದ. "ನಾನು ಕೊಡ್ತೀನಿ. ದಫೇದಾರ್ರೇ, ಹೊಸ ಹಾಳೆ ತಿರುಗಿಸಿ."

ಮೇಡಂ ಫೋನು ಮತ್ತೆ ಬಡಿದುಕೊಂಡಿತು. ದೊಡ್ಡ ಸಾಹೇಬರು.

"ಮುಗೀತಾಮ್ಮ? ಬರೆದುಕೊಟ್ಯಾ?"

"ಬರೀತಿದೀನಿ ಸರ್. ನಿಮ್ಮ ಹೆಸರಿಗೆ ದೀರ್ಘ ಇದೆಯೋ, ಇಲ್ಲವೋ? ತಪ್ಪಾಗಬಾರದು ನೋಡಿ."

*

ಭಾವ, ಭಾಮೈದ ಇಬ್ಬರೂ ಪೊಲೀಸ್ ಠಾಣೆ ಕಂಡರು. ಜಾಮೀನಿನ ಮೇಲೆ ಹೊರಗೂ ಬಂದರು. ಅಂಥವರಿಗೆ ಆ ಬಾಗಿಲಿಗೆ ಬೀಗವಿರುವುದಿಲ್ಲ. ಮೊಕದ್ದಮೆ ನಡೆಯುತ್ತಿದೆ. ಕಾರ್ಖಾನೆಗೆ ಬಕೆಟ್ ಮೇಡಂ ಬೀಗಮುದ್ರೆ ಹಾಕಿದಳು. ಹಿಂದಿನ ಮೆಟ್ಟಿಲಿನ ಬೀಗ ಒಡೆಯಬೇಕು, ಸಂಪಿನ ಗೋಡೆ ಕಟ್ಟಬೇಕು, ನೀರು ತುಂಬಬೇಕು, ಅಲ್ಲಿಯವರೆಗೆ ಒಳಗೆ ಯಾರೂ ಕಾಲಿಡಕೂಡದು. ಅಷ್ಟು ದಿನದ ಕೂಲಿ ಯಜಮಾನರೇ ಕೊಡಬೇಕೆಂದು ಹೆಂಗಸರು ಗೇಟಿನೆದುರು ಕೂತು ಬರೆಸಿಕೊಂಡರು.

ಗಾರೆ ಒಣಗಿದ ದಿನ ಲಾಂಡ್ರಿ ಅಕ್ಕನಿಗೆ ಪರಿಚಯದ ಟ್ಯಾಂಕರುಗಳು ಸಾಲುಗಟ್ಟಿ ಬಂದವು. ಅಳತೆ ನೋಡಲು ಬಕೆಟ್ ಮೇಡಂ ಬಂದಳು. ಮುನ್ನೂರು ಹೆಂಗಸರು ಅಂಗಳದಲ್ಲಿ ಸೇರಿದರು.

ಪಂಪಣ್ಣ ಏಣಿ ಇಳಿದು ಸಂಪಿನೊಳಗೆ ಹೋಗಿದ್ದ. ಇಷ್ಟು ವರ್ಷ ಇದರ ಕಾವಲು ಕಾದವನು, ಒಳಗೆ ಒಮ್ಮೆಯೂ ಇಳಿದಿರಲಿಲ್ಲ. ಮೊದಲ ಟ್ಯಾಂಕರಿನ ನೀರು ದಬದಬನೆ ಬೀಳತೊಡಗಿತು. ಅವನು ಹೊರಗೆ ಬರಲಿಲ್ಲ.

"ಅಪ್ಪಾ, ಮೇಲೆ ಬಾ!" ಮಗಳು ಮುಚ್ಚಳದ ಬಾಯಿಗೆ ಬಗ್ಗಿ ಕೂಗಿದಳು. "ಅಲ್ಲೇನು ಮಾಡ್ತಿದೀಯ?"

"ನೋಡ್ತಿದೀನಿ!"

"ಏನು?"

"ನೀರು!"

"ಹುಚ್ಚಪ್ಪ," ಎಂದಳು ಮಗಳು, ಯಾರಿಗೂ ಅಲ್ಲ.

ಹೊಸದಾಗಿ ಬಂದ ಮ್ಯಾನೇಜರು ಮೆಟ್ಟಿಲ ಮೇಲೆ ನಿಂತು ಗಂಟೆ ಬಾರಿಸಿದ. ಕೆಲಸದ ಹೊತ್ತು. ಇನ್ನೇನು ತುಂಬಿಬಿಡುತ್ತೆ, ಅಷ್ಟರಲ್ಲಿ ಯಂತ್ರಕ್ಕೆ ದಾರ ಹಾಕಿಕೊಳ್ಳಿ ಎಂದ. ಯಾರೂ ಅಲುಗಲಿಲ್ಲ. ಮತ್ತೆ ಬಾರಿಸಿದ.

ಸಂಪಿನೊಳಗಿಂದ ಪಂಪಣ್ಣನ ದನಿ ಗುಂಯ್‌ಗುಟ್ಟುತ್ತ ಬಂತು. "ಮೊಣಕಾಲಿಗೆ ಬಂತು!"

"ಸಾಲದು!" ಎಂದರು ಮುನ್ನೂರು ಹೆಂಗಸರು.

ಎರಡನೆಯ ಟ್ಯಾಂಕರು ಹೋಗಿ ಮೂರನೆಯದು ಬಂತು, ನಾಲ್ಕನೆಯದು ಬಂತು.

"ಸೊಂಟಕ್ಕೆ ಬಂತು!"

"ಸಾಲದು!"